ದಂಟಿನ ಬಂಡಿ, ಗೋಧಿಯ ಕೊಕ್ಕರೆ

ಗಬ್ಬೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಹಿರಿಯರ ಭಾವಚಿತ್ರಗಳ ಸಾಲು ಮುಗಿಯುವಲ್ಲಿ, ಗಾಜಿನ ಚೌಕಟ್ಟಿನೊಳಗೆ ಎರಡು ಕೊಕ್ಕರೆಗಳಿವೆ. ಒಂದು ಕೊರಳೆತ್ತಿ ನಿಂತಿದೆ. ಇನ್ನೊಂದು ಬಾಗಿ ಕೊಕ್ಕಿನಿಂದ ತನ್ನ ರೆಕ್ಕೆಯನ್ನು ಸವರಿಕೊಳ್ಳುತ್ತಿದೆ. ಹಿನ್ನೆಲೆ ಕಪ್ಪು ಬಟ್ಟೆಯದು. ಉಳಿದುದೆಲ್ಲ ಹೊನ್ನಿನ ಬಣ್ಣ. ಮುಂಜಾನೆಯ ಬಿಸಿಲು ಬಾಗಿಲಿನಿಂದ ಒಳಗೆ ಬಿದ್ದಾಗ ಒಂದು ಕೊಕ್ಕರೆ ಹೊಳೆದು ಮತ್ತೊಂದು ಮಂಕಾಗಿ ಕಾಣುತ್ತದೆ. ಹೊತ್ತು ಏರಿದಂತೆ ಆ ಹೊಳಪು ಒಂದರಿಂದ ಇನ್ನೊಂದಕ್ಕೆ ಸರಿಯುತ್ತದೆ. ಮನೆಗೆ ಬಂದ ಬೀಗರು, ನೆಂಟರು ಇದು ಬಂಗಾರದ ರೇಕಿನ ಕೆಲಸವೆಂದೇ ತಿಳಿಯುತ್ತಾರೆ. ಕೃಷ್ಣೆಯ ಆಚೆಯ ಸುರಪುರದಲ್ಲಿ ನಾಯಕ ಅರಸರ ಆಶ್ರಯದಲ್ಲಿ ಚಿನ್ನದ ರೇಕು ಬಳಸಿ ಚಿತ್ರ ಬರೆಯುತ್ತಿದ್ದ ಸಂಪ್ರದಾಯ ನಮ್ಮ ಸೀಮೆಯವರಿಗೆ ಅಪರಿಚಿತವಲ್ಲವಾದ್ದರಿಂದ ಹಾಗೆ ತಿಳಿಯುವುದು ಸಹಜವೇ.

ಅದು ಬಂಗಾರವಲ್ಲ, ಗೋಧಿಯ ಹುಲ್ಲು. ನಮ್ಮ ಅಣ್ಣನ ಮಗಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಕಚೇರಿಯ ಕಾರ್ಯನಿಮಿತ್ತ ಚೀನಾದ ಹಾಂಗ್‌ಝೌ ನಗರಕ್ಕೆ ಹೋಗಿದ್ದವಳು 2019ರ ಯುಗಾದಿಗೆ ಊರಿಗೆ ಬಂದಾಗ, ತನ್ನ ಮುತ್ಯಾನಿಗೆಂದು ಆ ಚಿತ್ರವನ್ನು ತಂದಿದ್ದಳು. ಆ ದೇಶದಲ್ಲಿ ಕೊಕ್ಕರೆ ದೀರ್ಘಾಯುಷ್ಯದ ಗುರುತಂತೆ. ಹಿರಿಯರಿಗೆ ಕೊಡುವ ವಾಡಿಕೆಯಂತೆ.

ಅಪ್ಪನಿಗೆ ಆಗ ಎಂಬತ್ತೆರಡು ನಡೆಯುತ್ತಿತ್ತು. ಎರಡು ವರ್ಷಗಳ ಹಿಂದೆ ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿತ್ತು, ಮಾತೂ ಕಡಿಮೆಯಾಗಿತ್ತು. ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

“ಯಾವ ಬಂಗಾರದ್ದವ್ವಾ ಇದು?”

“ಬಂಗಾರ ಅಲ್ಲ ಮುತ್ಯಾ, ಗೋದಿ ಹುಲ್ಲು.”

ಅಪ್ಪ ನಂಬಲಿಲ್ಲ. ಚೌಕಟ್ಟಿನ ಹಿಂದಿನ ಹಲಗೆಯನ್ನು ಬಿಚ್ಚಿಸಿದರು. ಗಾಜು ತೆಗೆದ ಮೇಲೆ ಬಲಗೈಯ ಹೆಬ್ಬೆರಳನ್ನು ಕೊಕ್ಕರೆಯ ಬೆನ್ನಿನ ಮೇಲೆ ಮೆಲ್ಲನೆ ಎಳೆದರು. ಮೊದಲು ಗರಿಯ ಗುಂಟ, ಆಮೇಲೆ ಅಡ್ಡಲಾಗಿ. ಬೇಸಾಯಗಾರನ ಬೆರಳು ಸುಳ್ಳು ಹೇಳುವುದಿಲ್ಲ. “ಹೌದು, ಹುಲ್ಲs” ಎಂದರು. ನಂತರ ನಮ್ಮ ಕಡೆ ತಿರುಗಿ, “ಒಂದ್ ನಾಕು ಜ್ವಾಳದ ದಂಟು ತರ್ರಿ” ಎಂದರು.

ನಾವು ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮನೆಯಲ್ಲಿ ಜೋಳದ ದಂಟು ಇರಲಿಲ್ಲ. ಹಿತ್ತಿಲಲ್ಲಿ ಬಣವಿ ಇರಲಿಲ್ಲ. ಹೊಲದಲ್ಲಿಯೂ ಇರಲಿಲ್ಲ.

ಅಪ್ಪ ಏಕೆ ದಂಟು ಕೇಳಿದರೆಂಬುದು ನಮಗೆ ಒಡನೆಯೇ ಹೊಳೆಯಿತು. ನಾವು ಹುಡುಗರಾಗಿದ್ದಾಗ ಬಿಳಿಜೋಳದ ಸುಗ್ಗಿ ಮುಗಿದು ಕಣದಲ್ಲಿ ಕಣಿಕೆಯ ಸಿವುಡುಗಳು ಬಿದ್ದಿರುತ್ತಿದ್ದ ಆ ಮಾಘ, ಫಾಲ್ಗುಣದ ದಿನಗಳಲ್ಲಿ ಆಟಿಕೆಯನ್ನು ಅಂಗಡಿಯಿಂದ ಕೊಳ್ಳುವ ಮಾತೇ ಇರಲಿಲ್ಲ. ಅಪ್ಪ ರಾತ್ರಿ ಕಣ ಕಾಯಲು ಮಲಗುತ್ತಿದ್ದರು. ಬೆಳಗಾಗುವಷ್ಟರಲ್ಲಿ ಅವರ ತಲೆದೆಸೆಯಲ್ಲಿ ಒಂದು ಚಕ್ಕಡಿ ಸಿದ್ಧವಾಗಿರುತ್ತಿತ್ತು.

ಈಗಿನ ಮಕ್ಕಳಿಗೆ ತಿಳಿಯಲೆಂದು ಆ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಒಣಗಿದ ದಂಟನ್ನು ಗಿಣ್ಣಿನಿಂದ ಗಿಣ್ಣಿಗೆ ಕತ್ತರಿಸಬೇಕು. ಹೊರಗಿನ ಸಿಪ್ಪೆಯನ್ನು ಉದ್ದುದ್ದಕ್ಕೆ ಸೀಳಿದರೆ ಬಿದಿರ ಕಡ್ಡಿಯಂತಹ ಸಿಬಿರುಗಳು ಬರುತ್ತವೆ. ಒಳಗೆ ಉಳಿಯುವುದು ಬೆಂಡು. ಬಿಳಿಯದು, ಹಗುರವಾದುದು, ಚುಚ್ಚಿದ್ದನ್ನು ಹಿಡಿದುಕೊಳ್ಳುವ ಗುಣದ್ದು. ಸಿಬಿರನ್ನು ಬಾಗಿಸಿ ಎರಡು ತುದಿಗಳನ್ನೂ ಒಂದು ಬೆಂಡಿನ ತುಣುಕಿಗೆ ಚುಚ್ಚಿದರೆ ಗಾಲಿಯಾಯಿತು. ಬೆಂಡಿನ ಗುಂಬಕ್ಕೆ ಅಡ್ಡಾದಿಡ್ಡಿ ಸಿಬಿರು ಸಿಕ್ಕಿಸಿದರೆ ಆರೆಕಾಲುಗಳಾದವು. ಮೊಳೆಯ ಬದಲು ಜಾಲಿಯ ಮುಳ್ಳು. ನೊಗ, ಮೂಕಿ, ಎರಡು ಬೆಂಡಿನ ಎತ್ತುಗಳು. ಎತ್ತುಗಳಿಗೆ ಸಿಬಿರಿನ ಕೋಡು. ಅಪ್ಪ ಇದನ್ನೆಲ್ಲ ಅಂಟಿಲ್ಲದೆ, ದಾರವಿಲ್ಲದೆ, ಒಂದು ಕುಡುಗೋಲಿನ ಮೊನೆಯಿಂದ ಮಾಡುತ್ತಿದ್ದರು. ನಾವೂ ಮಾಡಲು ಹೋಗಿ ಬೆರಳು ಕೊಯ್ದುಕೊಂಡದ್ದುಂಟು. ಜೋಳದ ಸಿಬಿರಿನ ಅಲಗು ಚೂರಿಗಿಂತ ಹರಿತ. ದಂಟಿನ ಕನ್ನಡಕ ಹಾಕಿಕೊಂಡು ಗ್ರಾಮದ ಮಳೆ ಶಂಕರ ದೇವಾಲಯದ ಕಟ್ಟೆಯ ಮೇಲೆ ಮಾಸ್ತರರಂತೆ ಕೂಡುತ್ತಿದ್ದ ನಮ್ಮ ಓರಗೆಯವರು ಇಂದು ಮೊಮ್ಮಕ್ಕಳನ್ನು ಕಂಡಿದ್ದಾರೆ.

ಇದನ್ನು ಯಾರೂ ಕಲೆ ಎಂದು ಕರೆಯಲಿಲ್ಲ. ಅಪ್ಪನಂತೂ ಕರೆಯಲೇ ಇಲ್ಲ. ಚಕ್ಕಡಿ ಎರಡು ದಿನ ಉರುಳಿ, ಮೂರನೆಯ ದಿನ ಎಮ್ಮೆಯ ಬಾಯಿ ಸೇರುತ್ತಿತ್ತು. ನಾವು ಮತ್ತೊಂದು ಬೇಡುತ್ತಿದ್ದೆವು.

ಆ ದಂಟು ನಮ್ಮ ಮನೆಯಿಂದ ಹೋದದ್ದು ಹೇಗೆಂಬುದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೇವದುರ್ಗದ ಸೀಮೆಗೆ ಬಂದ ಮೇಲೆ ಎರಿಹೊಲಗಳ ಬಾಳುವೆಯೇ ಬದಲಾಯಿತು. ನೀರು ಬಂದುದು ಸಂತೋಷದ ಸಂಗತಿಯೇ. ಬರಗಾಲದಲ್ಲಿ ಗುಳೆ ಹೋಗುತ್ತಿದ್ದವರ ಸಂಕಟವನ್ನು ಕಂಡ ಯಾರೂ ಅದನ್ನು ಅಲ್ಲಗಳೆಯಲಾರರು. ನಮ್ಮ ಹೊಲಕ್ಕೂ ಭತ್ತ ಬಂತು, ಹತ್ತಿ ಬಂತು, ಮೆಣಸಿನಕಾಯಿ ಬಂತು. ಅಪ್ಪ ಒಂದೇ ಮಾತು ಕೇಳಿದ್ದರು: ದಿಬ್ಬದ ಮೇಲಿನ ಎರಡೆಕರೆ ಜೋಳಕ್ಕೆ ಇರಲಿ, ದನಕ್ಕೆ ಕಣಿಕೆಯಾಗುತ್ತದೆ, ಮನೆಗೆ ರೊಟ್ಟಿಯಾಗುತ್ತದೆ. ನಾವು ಲೆಕ್ಕ ಹಾಕಿ ತೋರಿಸಿದೆವು. ಹತ್ತಿಯ ಲೆಕ್ಕ ಒಂದು ಕಡೆ, ಜೋಳದ ಲೆಕ್ಕ ಒಂದು ಕಡೆ. ಓದು ಕಲಿತ ಮಕ್ಕಳು ಕಾಗದದ ಮೇಲೆ ಹಾಕಿದ ಲೆಕ್ಕಕ್ಕೆ ಅಪ್ಪ ಎದುರಾಡಲಿಲ್ಲ. ಮರುವರ್ಷ ಎತ್ತುಗಳನ್ನು ಮಾರಿದೆವು. ಭತ್ತದ ಹುಲ್ಲನ್ನು ಯಂತ್ರದಿಂದ ಕೊಯ್ಲಾದ ಮೇಲೆ ಹೊಲದಲ್ಲಿಯೇ ಬೆಂಕಿಯಿಟ್ಟು ಸುಟ್ಟೆವು. ಆ ಹೊಗೆ ಪಡಸಾಲೆಗೆ ಬಂದ ಸಂಜೆ ಅಪ್ಪ ಕಿಟಕಿಯನ್ನು ಮುಚ್ಚಲು ಹೇಳಿದರು, ಅಷ್ಟೆ.

ಹೀಗಾಗಿ ಆ ಯುಗಾದಿಯ ಮರುದಿನ ನಾಲ್ಕು ದಂಟಿಗಾಗಿ ನಾವು ಮೋಟಾರು ಸೈಕಲ್ ಹತ್ತಬೇಕಾಯಿತು. ಗೋಧಿಯ ಹುಲ್ಲು ಚೀನಾದಿಂದ ವಿಮಾನದಲ್ಲಿ ನಮ್ಮ ಮನೆಗೆ ಬಂದಿತ್ತು. ಜೋಳದ ದಂಟನ್ನು ನಾವು ಊರೂರು ಕೇಳುತ್ತ ಹೊರಟಿದ್ದೆವು.

ಆ ಹತ್ತು ದಿನ ರಜೆ ಹಾಕಿ ಮನೆಯಲ್ಲಿದ್ದ ಹುಡುಗಿ ಚೀನಾದ ಆ ಕಲೆಯ ಬಗೆಗೆ ತಾನು ಕಂಡು ಕೇಳಿದ್ದನ್ನು ರಾತ್ರಿಯ ಊಟವಾದ ಮೇಲೆ ಹೇಳುತ್ತಿದ್ದಳು. ಮುಂದೆ ನಾವೂ ಓದಿ ತಿಳಿದುಕೊಂಡೆವು. ಗೋಧಿ ಚೀನಾದ ಮೂಲ ಬೆಳೆಯಲ್ಲ; ಸುಮಾರು 4000 ವರ್ಷಗಳ ಹಿಂದೆ, ಅಥವಾ ಅದಕ್ಕೂ ಕೊಂಚ ಮೊದಲು, ಪಶ್ಚಿಮದ ನಾಡುಗಳಿಂದ ಅಲ್ಲಿಗೆ ಹೋದದ್ದು. ಬೆಳೆ ನೆಲೆಗೊಂಡ ಮೇಲೆ ಹುಲ್ಲಿನಿಂದ ಟೋಪಿ, ಚಾಪೆ, ಬುಟ್ಟಿ, ಬೀಸಣಿಗೆ ಹೆಣೆಯುವ ರೂಢಿ ಬಂದಿತು. ಹುಲ್ಲನ್ನು ಸೀಳಿ ಅಂಟಿಸಿ ಚಿತ್ರ ಮಾಡುವ ಕಲೆ ಸುಯಿ ಮತ್ತು ತಾಂಗ್ ರಾಜವಂಶಗಳ ಕಾಲದಲ್ಲಿ, ಅಂದರೆ ಆರು-ಏಳನೆಯ ಶತಮಾನಗಳ ಹೊತ್ತಿಗೆ, ಅರಮನೆಯ ಅಲಂಕಾರವಾಗಿತ್ತೆಂದು ಅಲ್ಲಿಯ ಕುಶಲಕರ್ಮಿಗಳು ಹೇಳಿಕೊಳ್ಳುತ್ತಾರೆ. ಕೈಕಸುಬಿನವರು ತಮ್ಮ ಕಸುಬಿನ ಬೇರನ್ನು ಆದಷ್ಟು ಹಿಂದಕ್ಕೆ ಒಯ್ಯುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ. ಹುಲ್ಲು ಮಣ್ಣಿನಲ್ಲಿ ಉಳಿಯುವ ವಸ್ತುವಲ್ಲ. ಶಿಲೆಯಂತೆ, ತಾಮ್ರಪಟದಂತೆ ಸಾಕ್ಷಿ ಹೇಳಲು ಅದು ಕಾದಿರುವುದಿಲ್ಲ. ಆದ್ದರಿಂದ ಆ ಮಾತನ್ನು ಮಾತಾಗಿಯೇ ಕೇಳುವುದು ಲೇಸು.

ಸ್ಪಷ್ಟವಾಗಿ ಕಾಣುವುದು ಈಚಿನ ಬೆಳವಣಿಗೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಷಾನ್‌ಡೊಂಗ್ ಪ್ರಾಂತ್ಯದ ಹಳ್ಳಿಗರು ಹೆಣೆದ ಗೋಧಿ ಹುಲ್ಲಿನ ಜಡೆಪಟ್ಟಿ ಟೋಪಿ ಹೊಲಿಯುವುದಕ್ಕೆಂದು ಯುರೋಪಿಗೂ ಅಮೆರಿಕೆಗೂ ಹಡಗಿನಲ್ಲಿ ಹೋಗುತ್ತಿತ್ತು. ಝೆಜಿಯಾಂಗ್ ಪ್ರಾಂತ್ಯದ ಪುಜಿಯಾಂಗ್ ಎಂಬಲ್ಲಿ ಹೆಂಗಸರು ಹೆಣೆಯುತ್ತಿದ್ದ ಹುಲ್ಲಿನ ಬೀಸಣಿಗೆಯ ನಡುಭಾಗಕ್ಕೆ ಹೂವು, ಹಕ್ಕಿಗಳನ್ನು ಅಂಟಿಸುವ ಪದ್ಧತಿ ಬೆಳೆದು, ಬೀಸಣಿಗೆಯಿಂದ ಬೇರ್ಪಟ್ಟು, ಗೋಡೆಗೆ ತೂಗುಹಾಕುವ ಚಿತ್ರವಾಯಿತು. 2008ರಲ್ಲಿ ಆ ದೇಶದ ಸರಕಾರ ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಯಲ್ಲಿ ಪುಜಿಯಾಂಗಿನ ಈ ಕಲೆಯನ್ನು ಸೇರಿಸಿತು. ನಮ್ಮ ಮನೆಯ ಕೊಕ್ಕರೆಗಳೂ ಆ ಪ್ರಾಂತ್ಯದವೇ.

ಮಾಡುವ ವಿಧಾನವನ್ನು ಅಪ್ಪ ಬಿಡಿಬಿಡಿಸಿ ಕೇಳಿದರು. ಕೇಳಿದ್ದನ್ನೇ ಮತ್ತೆ ಕೇಳಿದರು. ಕೊಯ್ದ ಗೋಧಿಯಲ್ಲಿ ತೆನೆಗೆ ಸಮೀಪದ ಮೇಲಿನ ಗಣಿಕೆಯೇ ಉತ್ತಮ. ಅದು ಉದ್ದ, ನುಣುಪು, ಕಲೆಯಿಲ್ಲದ್ದು. ಅದನ್ನು ಕುದಿಸುತ್ತಾರೆ ಅಥವಾ ಹಬೆಯಲ್ಲಿ ಬೇಯಿಸುತ್ತಾರೆ. ಕೆಲವರು ಗಂಧಕದ ಹೊಗೆಯೂಡಿ ಬಿಳುಪು ಮಾಡುತ್ತಾರೆ. ಇದರಿಂದ ಹುಳು, ಬೂಷ್ಟು ಹತ್ತುವುದಿಲ್ಲ. ಬಳಿಕ ಉದ್ದಕ್ಕೆ ಸೀಳಿ, ಒಳಗಿನ ತೆಳುಪೊರೆಯನ್ನು ಕೆರೆದು, ಕಾದ ಇಸ್ತ್ರಿಯಿಂದ ಒತ್ತಿ ಪಟ್ಟಿ ಮಾಡುತ್ತಾರೆ. ಪಟ್ಟಿಗಳನ್ನು ಕಾಗದಕ್ಕೆ ಅಂಟಿಸಿ, ಗರಿ, ಎಲೆ, ಕೊಕ್ಕು ಹೀಗೆ ಒಂದೊಂದನ್ನೂ ಬೇರೆ ಬೇರೆ ಕತ್ತರಿಸಿ ಜೋಡಿಸುತ್ತಾರೆ. ಕಂದು ನೆರಳು ಬೇಕಾದ ಕಡೆ ಕಾದ ಕಬ್ಬಿಣದಿಂದ ಹದವಾಗಿ ಸುಡುತ್ತಾರೆ. ಬಣ್ಣ ಹಚ್ಚದಿರುವುದೇ ಬಲ್ಲವರ ಕೆಲಸ.

“ಮತ್ತ ಹೊಳಪು?” ಎಂದರು ಅಪ್ಪ.

ಹೊಳಪು ಹುಲ್ಲಿನದೇ. ಗೋಧಿಯ ಹೊರಮೈಯಲ್ಲಿ ಮೇಣದ ಲೇಪವೂ ಮರಳಿನ ಜಾತಿಯ ಸಿಲಿಕಾ ಅಂಶವೂ ಇರುತ್ತವೆ. ನಾರುಗಳೆಲ್ಲ ಒಂದೇ ದಿಕ್ಕಿಗೆ ಹಾಸಿಕೊಂಡಿರುವುದರಿಂದ ಪಟ್ಟಿಯನ್ನು ಉದ್ದಕ್ಕೆ ಇಟ್ಟರೆ ಬೆಳಕು ಒಂದು ಬಗೆಯಾಗಿ, ಅಡ್ಡಕ್ಕೆ ಇಟ್ಟರೆ ಇನ್ನೊಂದು ಬಗೆಯಾಗಿ ಮರಳುತ್ತದೆ. ಒಂದೇ ಹುಲ್ಲು ಒಂದು ಗರಿಯಲ್ಲಿ ಬೆಳ್ಳಗೆ, ಪಕ್ಕದ ಗರಿಯಲ್ಲಿ ಕಂದಾಗಿ ಕಾಣುವ ಗುಟ್ಟು ಇಷ್ಟೆ. ಅಪ್ಪ ಹೆಬ್ಬೆರಳನ್ನು ಗುಂಟವಾಗಿ, ಆಮೇಲೆ ಅಡ್ಡಲಾಗಿ ಎಳೆದದ್ದು ಆಗ ನಮ್ಮ ನೆನಪಿಗೆ ಬಂತು.

ಈ ಕೆಲಸ ಚೀನಾದ ಸೊತ್ತೊಂದೇ ಅಲ್ಲ. ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, 1797ರಿಂದ 1814ರವರೆಗೆ, ಇಂಗ್ಲೆಂಡಿನ ನಾರ್ಮನ್ ಕ್ರಾಸ್ ಎಂಬಲ್ಲಿ ಸಾವಿರಾರು ಸೆರೆಯಾಳುಗಳನ್ನು ಕೂಡಿಹಾಕಿದ್ದರು. ಅವರು ಹುಲ್ಲನ್ನು ಸೀಳಿ ಅಂಟಿಸಿ ಪೆಟ್ಟಿಗೆಗಳನ್ನು ಅಲಂಕರಿಸಿ, ಸೆರೆಮನೆಯ ಬಾಗಿಲ ಸಂತೆಯಲ್ಲಿ ಮಾರಿ, ನಾಲ್ಕು ಕಾಸು ಗಳಿಸುತ್ತಿದ್ದರು. ಅವು ಇಂದಿಗೂ ಪೀಟರ್‌ಬರೋ ನಗರದ ವಸ್ತುಸಂಗ್ರಹಾಲಯದಲ್ಲಿವೆ. ಮಲಗಲು ಹಾಸಿದ ಹುಲ್ಲನ್ನು ಕೈಗೆತ್ತಿಕೊಂಡು ಮನುಷ್ಯ ಸುಮ್ಮನಿರಲಾರ. ನಮ್ಮ ನೆರೆಯ ಕೇರಳದಲ್ಲಿಯೂ ಕಪ್ಪು ಬಟ್ಟೆಯ ಮೇಲೆ ಹುಲ್ಲಿನ ಚಿತ್ರ ಅಂಟಿಸಿ ಮಾರುವ ಕಸುಬಿನವರಿದ್ದಾರೆ.

ಆದರೆ ಅಪ್ಪನನ್ನು ಎಬ್ಬಿಸಿ ಕೂರಿಸಿದ ಸುದ್ದಿ ಇವಾವುವೂ ಅಲ್ಲ. ಹುಡುಗಿ ತನ್ನ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಬೀಜಿಂಗಿನ ಸುತ್ತಲ ಹೆಬೈ ಪ್ರಾಂತ್ಯದ ಯೊಂಗ್‌ಚಿಂಗ್ ಎಂಬಲ್ಲಿ ಮಾಡಿದ ಒಂದು ಗೋಪುರದ ಮಾದರಿ. ಅಂತಸ್ತಿನ ಮೇಲೆ ಅಂತಸ್ತು, ಬಾಗಿದ ಚಾವಣಿ, ಜಾಳಂದ್ರದ ಕಿಟಕಿಗಳು. ಅದೆಲ್ಲ ಜೋಳದ ದಂಟಿನದು! ದಂಟಿನ ಮೈಯಲ್ಲಿ ಕೊರೆದ ಕಚ್ಚುಗಳಲ್ಲಿ ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಕೆಲಸ. ಅದೂ 2008ರ ಪಟ್ಟಿಯಲ್ಲಿಯೇ ಸೇರಿದೆ. ಜೋಳ ಆಫ್ರಿಕಾದಲ್ಲಿ ಹುಟ್ಟಿ, ನಮ್ಮ ನಾಡಿಗೆ ಬಂದು, ಆ ಮೇಲೆ ಚೀನಾಕ್ಕೂ ಹೋಗಿ ಗಾವೊಲಿಯಾಂಗ್ ಎಂಬ ಹೆಸರು ಪಡೆಯಿತು. ಅಲ್ಲಿಯವರು ಅದರಿಂದ ಹೆಚ್ಚಾಗಿ ಮದ್ಯ ತೆಗೆಯುತ್ತಾರೆ. ಆ ವಿಷಯ ನಮಗೆ ಬೇಡ. ಅಲ್ಲಿಯ ಹಳ್ಳಿಯ ಹುಡುಗರೂ ದಂಟಿನ ಕನ್ನಡಕ ಹಾಕಿಕೊಳ್ಳುತ್ತಿದ್ದರಂತೆ ಎಂಬುದನ್ನು ಕೇಳಿದಾಗ ಮಾತ್ರ ಅಪ್ಪ ಬಾಯ್ತುಂಬ ನಕ್ಕರು. ಲಕ್ವ ಹೊಡೆದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು.

ಎರಡನೆಯ ದಿನ ದಂಟು ಸಿಕ್ಕಿತು. ಕಾಲುವೆಯ ನೀರು ಹತ್ತದ ಏರು ಸೀಮೆಯ ಒಂದು ಹಳ್ಳಿಯಲ್ಲಿ, ದೂರದ ನೆಂಟರೊಬ್ಬರ ಹಿತ್ತಿಲಲ್ಲಿ, ಚಿಕ್ಕದೊಂದು ಬಣವಿ. ನಾಲ್ಕು ದಂಟು ಕೇಳಿದ್ದಕ್ಕೆ ಆ ಮನೆಯ ಅಮ್ಮ ಒಂದು ಸಿವುಡನ್ನೇ ಕಟ್ಟಿಕೊಟ್ಟರು. “ದನಾ ಎಷ್ಟ್ ಅದಾವ್ರೀ?” ಎಂದು ಕೇಳಿದರು. ದನ ಇಲ್ಲವೆಂದು ಹೇಳಲು ನಾಚಿಕೆಯಾಗಿ ಏನೋ ಹೇಳಿ ಬಂದೆವು.

ಅಪ್ಪನ ಎಡಗೈ ಹಿಡಿಯಲಾರದು. ಆದ್ದರಿಂದ ಮೊಮ್ಮಗಳು ಪಕ್ಕದಲ್ಲಿ ಕುಳಿತು ಎಡಗೈಯಾದಳು. ಹಿಡಿಯುವುದು ಅವಳು, ಸೀಳುವುದು ಅವರು. ಮೊದಲ ದಿನ ಎಲ್ಲ ಸಿಬಿರುಗಳೂ ಮುರಿದವು. “ಜಗ್ಗಬ್ಯಾಡವ್ವಾ, ಅದು ಬಂದಂಗ ಬಿಡು” ಎನ್ನುತ್ತಿದ್ದರು. ನಾಲ್ಕನೆಯ ದಿನ ಚಕ್ಕಡಿಯೊಂದು ನಿಂತಿತು. ಒಂದು ಗಾಲಿ ಕೊಂಚ ಸೊಟ್ಟಾಗಿತ್ತು. ನಾವು ಹುಡುಗರಾಗಿದ್ದಾಗ ಮಾಡಿಕೊಡುತ್ತಿದ್ದ ಚಕ್ಕಡಿಗೆ ಇದು ಸಮವಲ್ಲವೆಂಬುದು ಅವರಿಗೂ ಗೊತ್ತಿತ್ತು. ಚಕ್ಕಡಿಯನ್ನು ಕೊಕ್ಕರೆಯ ಚಿತ್ರದ ಕೆಳಗಿನ ಮಾಡದಲ್ಲಿ ಇರಿಸಿದೆವು.

ಹುಡುಗಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಜೋಳದ ದಂಟಿನಿಂದಲೇ ಗೋಡೆಯ ಚಿತ್ರ ಮಾಡಬೇಕೆಂದು ಹಟ ಹಿಡಿದಳು. ಅಲ್ಲಿ ನಮಗೆಲ್ಲ ಒಂದು ಪಾಠವಾಯಿತು. ಗೋಧಿಯ ಕಾಂಡ ಟೊಳ್ಳು. ಸೀಳಿ ಬಿಡಿಸಿದರೆ ರಿಬ್ಬನ್ನಿನಂತೆ ಹಾಸಿಕೊಳ್ಳುತ್ತದೆ. ಜೋಳದ್ದು ಒಳಗೆ ಬೆಂಡು ತುಂಬಿದ ಗಟ್ಟಿ ಕಾಂಡ. ಸಿಪ್ಪೆ ಎಷ್ಟು ಒತ್ತಿದರೂ ಹಾಸಿಕೊಳ್ಳದೆ ಸಿಡಿಯುತ್ತದೆ. ಗೋಧಿ ಚಿತ್ರವಾಗಲು ಒದಗಿತು, ಜೋಳ ಬಂಡಿಯಾಗಲು ಒದಗಿತು. ಹುಲ್ಲಿನ ಗುಣಕ್ಕೆ ತಕ್ಕಂತೆ ಕೈ ನಡೆದದ್ದೇ ಹೊರತು ಒಂದು ಜಾಣ, ಒಂದು ದಡ್ಡ ಎಂಬುದಿಲ್ಲ. ಆಗ ಅಪ್ಪ ದಂಟನ್ನು ಅಪ್ಪಿಕೊಂಡಿರುವ ಎಲೆಯ ಒರೆಯನ್ನು, ನಮ್ಮ ಕಡೆ ರವದಿ ಎನ್ನುವುದನ್ನು, ತೋರಿಸಿದರು. ನೀರಿನಲ್ಲಿ ನೆನೆಸಿ ಇಸ್ತ್ರಿ ಮಾಡಿದಾಗ ಅದು ಹಾಸಿಕೊಂಡಿತು. ಗೋಧಿಯ ಹೊಳಪಿಲ್ಲ, ನಿಜ. ಆದರೆ ಗಾಯವಾದ ಕಡೆ, ರೋಗ ತಗುಲಿದ ಕಡೆ ಜೋಳದ ಮೈಯಲ್ಲಿ ಮೂಡುವ ಕೆನ್ನೇರಳೆ ಮಚ್ಚೆಗಳಿವೆಯಲ್ಲ, ಅವು ಗೋಧಿಯಲ್ಲಿ ಎಲ್ಲಿಂದ ಬರಬೇಕು? ಹುಡುಗಿ ಆ ಮಚ್ಚೆಗಳನ್ನೇ ಆರಿಸಿ ಎತ್ತಿನ ಜೂಲಿಗೆ ಬಳಸಿದಳು.

ಅಂಟಿಗೆ ಅಪ್ಪ ಹುಣಸೆ ಬೀಜದ ಸರಿ ಕಾಯಿಸಲು ಹೇಳಿದರು. ಕಂಬಳಿ ನೇಯುವವರು ಗಂಜಿ ಹಾಕುವುದು ಅದರಿಂದಲೇ. ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗಳ ತುಂಡುಗಳನ್ನು ಜೋಡಿಸಲು ಬಳಸುವ ಅಂಟಿಗೂ ಹುಣಸೆ ಬೀಜವೇ ಮೂಲ. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಕಿನ್ನಾಳ ನಮ್ಮ ರಾಯಚೂರು ಜಿಲ್ಲೆಯದೇ ಊರಾಗಿತ್ತು. ಮದುವೆಯಲ್ಲಿ ನಾವು ಕಟ್ಟುವ ಬಾಸಿಂಗವೂ ಮೂಲತಃ ಬೆಂಡಿನ ಕೆಲಸವೇ. ಅದು ನೀರಿನಲ್ಲಿ ಬೆಳೆಯುವ ಬೇರೊಂದು ಗಿಡದ ಬೆಂಡು, ಮೇಲೆ ಬೇಗಡೆ ಹಚ್ಚಿದ್ದು. ಈಗ ಥರ್ಮೊಕೋಲಿನದು ಬರುತ್ತದೆ. ಇಷ್ಟೆಲ್ಲ ನಮ್ಮ ಸುತ್ತಲೇ ಇದ್ದುದನ್ನು ನಾವು ಒಂದು ಎಳೆಯಲ್ಲಿ ಕಂಡಿರಲಿಲ್ಲ. ಕೊಕ್ಕರೆಗಳು ಬಂದು ತೋರಿಸಬೇಕಾಯಿತು.

2020ರ ಕಾರ್ತಿಕದಲ್ಲಿ ಅಪ್ಪ ಲಿಂಗೈಕ್ಯರಾದರು. ರೋಗದ ಭೀತಿಯ ದಿನಗಳಾದ್ದರಿಂದ ಬಂಧುಗಳು ಹೆಚ್ಚು ಮಂದಿ ಬರಲಾಗಲಿಲ್ಲ, ಮೊಮ್ಮಗಳು ಬಂದಳು. ಕ್ರಿಯಾಕರ್ಮಗಳೆಲ್ಲ ಮುಗಿದ ಮೇಲೆ ಒಂದು ದಿನ ಮಾಡವನ್ನು ಒರೆಸಲು ಚಕ್ಕಡಿಯನ್ನು ಎತ್ತಿದಾಗ ಅದು ನಮ್ಮ ಕೈಯಲ್ಲೇ ಉದುರಿತು. ಸಣ್ಣ ಹುಳು ಬೆಂಡನ್ನೆಲ್ಲ ತಿಂದು, ಸಿಪ್ಪೆಯನ್ನಷ್ಟೇ ಉಳಿಸಿತ್ತು. ಮಾಡದ ತುಂಬ ಹಿಟ್ಟಿನಂತಹ ಹಳದಿ ಪುಡಿ. ಒಂದು ಎತ್ತು ಮಾತ್ರ ಹೇಗೋ ಉಳಿದಿತ್ತು. ಮೇಲೆ ಗೋಡೆಯ ಮೇಲಿನ ಕೊಕ್ಕರೆಗಳು ಬಂದ ದಿನ ಇದ್ದಂತೆಯೇ ಇದ್ದವು.

ಆಗ ನಮಗೆ ಕಾಣಿಸಿದ್ದು ಇದು. ಅಪ್ಪನ ಕೈ ಪುಜಿಯಾಂಗಿನ ಕೈಗಿಂತ ಕಡಿಮೆಯದಾಗಿರಲಿಲ್ಲ. ಅಲ್ಲಿಯವರು ಹುಲ್ಲನ್ನು ಬೇಯಿಸಿದರು, ಉಳಿಯಬೇಕೆಂದು ಬಯಸಿ ಬೇಯಿಸಿದರು. ನಾವು ಬೇಯಿಸಲಿಲ್ಲ. ಮರುವರ್ಷ ಹೊಸ ದಂಟು ಬರುತ್ತದೆ, ಅಪ್ಪ ಹೊಸ ಚಕ್ಕಡಿ ಮಾಡುತ್ತಾರೆ ಎಂಬ ನೆಚ್ಚಿಕೆ ಇದ್ದಾಗ ಬೇಯಿಸುವ ಅಗತ್ಯವೂ ಇರಲಿಲ್ಲ. ಆ ಎರಡನ್ನೂ ಕಳೆದುಕೊಂಡ ಮೇಲೆ ನೆನಪಾಯಿತು.

ದಿಬ್ಬದ ಮೇಲಿನ ಎರಡೆಕರೆಗೆ ಈಗ ಹಿಂಗಾರಿನಲ್ಲಿ ಜೋಳ ಬಿತ್ತುತ್ತಿದ್ದೇವೆ. ಲೆಕ್ಕದಲ್ಲಿ ಅದು ನಷ್ಟವೇ. ಹಕ್ಕಿ ಕಾಯಲು ಆಳು ಸಿಗುವುದಿಲ್ಲ, ಕೊಯ್ಲಿಗೆ ಕೇಳಿದಷ್ಟು ಕೂಲಿ ಕೊಡಬೇಕು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಹಸಿದಂಟುಗಳ ಕೊಂಪೆ ಕಟ್ಟಲು ಮಾತ್ರ ಯಾರ ಹೊಲಕ್ಕೂ ಹೋಗಬೇಕಾಗಿಲ್ಲ. ಕಣಿಕೆ ನೆರೆಯವರ ಎಮ್ಮೆಗಳಿಗೆ ಹೋಗುತ್ತದೆ. ಒಂದು ಸಿವುಡನ್ನು ಅಟ್ಟದ ಮೇಲೆ ಇರಿಸುತ್ತೇವೆ. ಅಣ್ಣನ ಮಗಳು ಯುಗಾದಿಗೆ ಬಂದಾಗ ಹೋಳಿಗೆಯ ಒಲೆ ಆರುವ ಮೊದಲೇ ದೊಡ್ಡ ಪಾತ್ರೆಯಲ್ಲಿ ಅರಿಷಿಣ, ಬೇವಿನ ಸೊಪ್ಪು ಹಾಕಿದ ನೀರು ಕುದಿಸಿ, ದಂಟಿನ ತುಂಡುಗಳನ್ನು ಬೇಯಿಸಿ, ಮಾಳಿಗೆಯ ಮೇಲೆ ಒಣಹಾಕುತ್ತಾಳೆ. ಸರಿಗೆ ಚಿಟಿಕೆ ಮೈಲುತುತ್ತ ಬೆರೆಸಬೇಕೆಂದು ಪುಸ್ತಕ ಕಟ್ಟುವವರೊಬ್ಬರಿಂದ ತಿಳಿದುಕೊಂಡು ಬಂದಿದ್ದಾಳೆ. ಅದು ವಿಷವಾದ್ದರಿಂದ ಮಕ್ಕಳನ್ನು ಆ ಪಾತ್ರೆಯ ಹತ್ತಿರ ಬಿಡುವುದಿಲ್ಲ. ಮೊದಲ ವರ್ಷ ಬೇಯಿಸಿದ್ದು ಹೆಚ್ಚಾಗಿ ಬೆಂಡು ಮೆತ್ತಗಾಗಿಬಿಟ್ಟಿತು. ಎರಡನೆಯ ವರ್ಷದ ಚಕ್ಕಡಿಗೆ ಇದುವರೆಗೆ ಹುಳು ಹತ್ತಿಲ್ಲ. ಅದರ ಎರಡು ಗಾಲಿಗಳೂ ನೆಟ್ಟಗಿವೆ. ನೊಗದ ಬಲಗಡೆ ಹೂಡಿರುವುದು ಅಪ್ಪ ಮಾಡಿದ ಆ ಹಳೆಯ ಎತ್ತನ್ನೇ.